ಗೋದಲಿ: ತೊಟ್ಟಿಯೊಂದು ಊರಾದ ಬಗೆ

ಡಿಸೆಂಬರ್ ಬಂತೆಂದರೆ ಕೊಡಗಿನ ಕ್ರೈಸ್ತರ ಮನೆಗಳಲ್ಲಿ ಯೇಸು ಹುಟ್ಟಿದ ದೃಶ್ಯದ ಒಂದೇ ಮಾದರಿಗೆ ನಾಲ್ಕು ಹೆಸರು. ಕೊಂಕಣಿಯವರಿಗೆ ಅದು ಗೊಟೊ, ಮಲಯಾಳಿಗಳಿಗೆ ಪುಲ್ಕೂಡು, ತಮಿಳರಿಗೆ ಕುಡಿಲ್. ಮೊದಲನೆಯದು ದನದ ಕೊಟ್ಟಿಗೆ, ಎರಡನೆಯದು ಹುಲ್ಲಿನ ಗೂಡು, ಮೂರನೆಯದು ಗುಡಿಸಲು. ಮೂರೂ ಸೂರನ್ನೇ ಹೇಳುತ್ತವೆ. ಕನ್ನಡದ ಗೋದಲಿ ಮಾತ್ರ ಸೂರನ್ನು ಬಿಟ್ಟು, ಒಳಗಿದ್ದ ಮೇವಿನ ತೊಟ್ಟಿಯನ್ನು ಹಿಡಿದುಕೊಂಡಿತು.

ಉತ್ತರ ಕರ್ನಾಟಕದ ಒಕ್ಕಲಿನ ಮನೆಗಳಲ್ಲಿ ಎತ್ತಿಗೆ ಮೇವು ಹಾಕುವುದು ಗ್ವಾದಲಿಗೆ. ಸಂಸ್ಕೃತದ 'ಗವಾದನೀ', ಮರಾಠಿಯ 'ಗವ್ಹಾಣ' ಇದೇ ಅರ್ಥದವು; ನಮ್ಮ ಪದವೂ ಆ ಬಳಗದ್ದೆಂದೇ ನನ್ನ ಎಣಿಕೆ. ಕನ್ನಡ ಬೈಬಲಿನ ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಶಿಶು ಯೇಸು ಮಲಗಿದ್ದು ಗೋದಲಿಯಲ್ಲಿ. ಹಟ್ಟಿಯ ಪದ ಹಬ್ಬಕ್ಕೆ ಬಂದ ದಾರಿ ಇದು. ಇಟಲಿಯ ಗ್ರೆಚ್ಚೊದಲ್ಲಿ 1223ರ ಕ್ರಿಸ್ಮಸ್ ರಾತ್ರಿ ಸಂತ ಫ್ರಾನ್ಸಿಸ್ ಸಿದ್ಧಮಾಡಿಸಿದ್ದೂ ತೊಟ್ಟಿ, ಹುಲ್ಲು, ಎತ್ತು, ಕತ್ತೆ ಇಷ್ಟನ್ನೇ. ತೊಟ್ಟಿಗೆ ಅಲ್ಲಿದ್ದ 'ಪ್ರೆಸೇಪೆ' ಎಂಬ ಹೆಸರು ಮುಂದೆ ಇಡೀ ದೃಶ್ಯಕ್ಕೆ ಹಬ್ಬಿತು. 18ನೆಯ ಶತಮಾನದ ನೇಪಲ್ಸ್‌ನಲ್ಲಿ ಅದರೊಳಗೆ ಸಂತೆ, ಹೋಟೆಲು ಎಲ್ಲ ಸೇರಿಕೊಂಡವು. ಗೋದಲಿಯ ಅರ್ಥವೂ ಹಾಗೆಯೇ ಹಿಗ್ಗಿತು.

ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರದು. ಅಷ್ಟು ಹಿಂದೆಯೇ ಕ್ರೈಸ್ತರು ನೆಲೆಸಿದ ಕೊಡಗಿನ ಕಾಡು-ಗದ್ದೆಗಳ ನಡುವೆ ಗೋದಲಿಗೆ ಸಾಮಗ್ರಿ ಹುಡುಕಬೇಕಿಲ್ಲ. ಬಿದಿರು, ತೋಟದ ಮರಗಳ ಪಾಚಿ, ಪುತ್ತರಿ ಸುಗ್ಗಿಹಬ್ಬ ಕಳೆದ ಗದ್ದೆಯ ಹೊಸ ಹುಲ್ಲು ಕೈಗೆಟುಕುವಷ್ಟು ಹತ್ತಿರ. ದೊಡ್ಡ ಗೋದಲಿಯ ಕಸುಬು ಹಿಂದಿನಿಂದ ಮುಂದಕ್ಕೆ ಬರುತ್ತದೆ: ಮೊದಲು ದೀಪದ ತಂತಿ, ಅದರ ಮೇಲೆ ಬಿದಿರಿನ ಚೌಕಟ್ಟು, ಆಮೇಲೆ ಗಂಜಿ ಬಳಿದ ಗೋಣಿಯ ಬೆಟ್ಟ. ಬಣ್ಣ ಗೋಣಿ ಪೂರ್ತಿ ಒಣಗಿದ ಮೇಲೆಯೇ. ಚಿಕ್ಕ ಗೊಂಬೆಗಳು ಹಿಂದೆ, ದೊಡ್ಡವು ಮುಂದೆ ಇದ್ದರೆ ನಾಲ್ಕಡಿ ಜಾಗದಲ್ಲೂ ದೂರ ಕಾಣುತ್ತದೆ. ಹಸಿರು ಗದ್ದೆ ಬೇಕಾದವರು ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊದಲೇ ಮೊಳಕೆಗೆ ಹಾಕುತ್ತಾರೆ. ಶಿಶುವಿನ ಜಾಗ ಮಾತ್ರ 24ರ ನಡುರಾತ್ರಿಯವರೆಗೆ ಖಾಲಿ.

ಮಿಣುಕುವ ಸರಗಳು ಹೆಚ್ಚಿದಂತೆ ತೊಟ್ಟಿಯೇ ಕಾಣದಾಗುತ್ತಿರುವುದು ನನಗೆ ನೋವು ತರುತ್ತದೆ. ಈ ವರ್ಷ ಗೋದಲಿ ಕಟ್ಟುವವರು ಬೆಟ್ಟಕ್ಕೆ ಕೈಹಾಕುವ ಮೊದಲು ಒಂದು ಮರದ ತೊಟ್ಟಿ ಮಾಡಿ, ಅದಕ್ಕೆ ನಿಜವಾದ ಹುಲ್ಲು ತುಂಬಿ. ಉಳಿದದ್ದನ್ನು ಅದರ ಸುತ್ತ ಕಟ್ಟಿ.