ದೊಡ್ಡ ಸರ್ವರ್‌ಗೆ ದುಡ್ಡು ಕಟ್ಟುವ ಮುನ್ನ, ಖಾಲಿ ಬಿದ್ದಿರುವ ಮೆಮೊರಿ ನೋಡಿ

ಮತ ಎಣಿಕೆ ಬೆಳಗ್ಗೆ 8ಕ್ಕೆ ಶುರುವಾಗುತ್ತೆ. 9ರ ಹೊತ್ತಿಗೆ ಸಣ್ಣ ಸುದ್ದಿತಾಣ ಮಕಾಡೆ ಮಲಗಿರುತ್ತೆ. ಓದುಗರ ಚಂದಾದಲ್ಲಿ ನಡೆಯುವ ಅಂಥದೊಂದು ತಾಣದ ಸರ್ವರ್ ಅನ್ನು ಕೆಲಕಾಲ ನಾನೇ ನೋಡಿಕೊಳ್ಳುತ್ತಿದ್ದೆ. ಅವತ್ತು ಎಲ್ಲರದ್ದೂ ಒಂದೇ ಮಾತು: ಇನ್ನೂ ದೊಡ್ಡ ಸರ್ವರ್ ತಗೊಳ್ಳೋಣ. ತೆಗೆದು ನೋಡಿದರೆ 8 ಜಿಬಿ ಮೆಮೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಬಿದ್ದಿತ್ತು. ತಪ್ಪು ನನ್ನದೇ. ಮೈಎಸ್‌ಕ್ಯುಎಲ್ ಡೇಟಾಬೇಸ್ ಹಾಕಿಕೊಂಡಾಗ ಅದರ ಬಫರ್ ಪೂಲ್‌ಗೆ ತಾನಾಗಿಯೇ ಸಿಗೋದು 128 ಎಂಬಿ ಮಾತ್ರ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಲಿನಕ್ಸ್ ಸರ್ವರ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟಾಗ ಅದೇ ಹೆಸರಿನ ಕಾಲಂನಲ್ಲಿ ಚೂರೇ ಚೂರು ಮೆಮೊರಿ ಕಂಡರೆ ಗಾಬರಿ ಬೀಳಬೇಡಿ. ಡಿಸ್ಕ್‌ನಿಂದ ಓದಿದ ಫೈಲ್‌ಗಳನ್ನು ಲಿನಕ್ಸ್ ಖಾಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತೆ, ಬೇರೆ ಯಾರಾದರೂ ಜಾಗ ಕೇಳಿದರೆ ಬಿಟ್ಟುಕೊಡುತ್ತೆ. ನೋಡಬೇಕಾದ್ದು ಕೊನೆಯ 'ಅವೈಲಬಲ್' ಕಾಲಂ. ಅಲ್ಲಿ ವಾರಗಟ್ಟಲೆ 3-4 ಜಿಬಿ ಉಳಿದೇ ಇದ್ದರೆ, ಅಷ್ಟಕ್ಕೆ ನೀವು ಸುಮ್ಮನೆ ಬಾಡಿಗೆ ಕಟ್ಟುತ್ತಿದ್ದೀರಿ.

ಇದನ್ನು ಚೆನ್ನಾಗಿ ಬಳಸಿ ತೋರಿಸಿದ್ದು ಅಮೆರಿಕದ ಲೈವ್‌ಜರ್ನಲ್ ಎಂಬ ಡೈರಿ ಬರೆಯುವ ತಾಣ. ಬಳಕೆದಾರರು ಹೆಚ್ಚಿದಂತೆ ಡೇಟಾಬೇಸ್ ಏದುಸಿರು ಬಿಡತೊಡಗಿತು. ಆದರೆ ಬೇರೆ ಸರ್ವರ್‌ಗಳಲ್ಲಿ ಮೆಮೊರಿ ಮಿಕ್ಕಿತ್ತು. ತಾಣ ಕಟ್ಟಿದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಆ ಮಿಕ್ಕ ಚೂರುಗಳನ್ನೆಲ್ಲ ಒಂದೇ ಕಣಜದಂತೆ ಬಳಸುವ ಮೆಮ್‌ಕ್ಯಾಶ್‌ಡಿ ಬರೆದರು. ಒಮ್ಮೆ ಡೇಟಾಬೇಸ್‌ನಿಂದ ತಂದ ಉತ್ತರ ಅಲ್ಲಿ ಕೂತಿರುತ್ತೆ. ಜಾಗ ತುಂಬಿದರೆ, ತುಂಬಾ ಹೊತ್ತಿನಿಂದ ಯಾರೂ ಕೇಳದ್ದನ್ನು ಹೊರಗೆ ಹಾಕುತ್ತೆ. ಮುಂದೆ ಫೇಸ್‌ಬುಕ್, ವಿಕಿಪೀಡಿಯ ಕೂಡ ಇದನ್ನೇ ಬಳಸಿದವು.

ನಮ್ಮ ಲೆಕ್ಕ ಇನ್ನೂ ಸುಲಭ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. (ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಇರಲಿ ಬಿಡಿ.) ಸಾವಿರ ಪದದ ಲೇಖನ ಅಂದಾಜು 25 ಕೆಬಿ. ಹತ್ತು ಸಾವಿರ ಲೇಖನಕ್ಕೆ 250 ಎಂಬಿ. ಪುಟದ ಉಳಿದ ಕೋಡ್ ಸೇರಿ ನಾಲ್ಕು ಪಟ್ಟು ಅಂದುಕೊಂಡರೂ 1 ಜಿಬಿ. ಅಂದರೆ, ವರ್ಷಗಟ್ಟಲೆ ಬರೆದದ್ದೆಲ್ಲ ಸಣ್ಣ ಸರ್ವರ್‌ನ ಮೆಮೊರಿಯಲ್ಲೇ ಹಿಡಿಯುತ್ತೆ! ಫಲಿತಾಂಶದ ಪುಟವಂತೂ ಎಲ್ಲರಿಗೂ ಒಂದೇ. ಅದನ್ನು 30 ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗಿ ಕಟ್ಟಿದರೆ, ಸೆಕೆಂಡಿಗೆ 500 ಜನ ಬಂದರೂ 15,000 ಸಲ ಮಾಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ.

ಹಾಗಂತ ಇರೋದನ್ನೆಲ್ಲ ಹಂಚಿಬಿಡಬೇಡಿ. ಡೇಟಾಬೇಸ್ ಒಂದೇ ಇರುವ ಸರ್ವರ್‌ನಲ್ಲಿ ಬಫರ್ ಪೂಲ್‌ಗೆ ಶೇ 80ರವರೆಗೂ ಕೊಡುತ್ತಾರೆ. ಎಲ್ಲವೂ ಒಂದೇ ಕಡೆ ಇದ್ದರೆ ನಾನು 8ರಲ್ಲಿ 2 ಜಿಬಿ ಕೊಡ್ತೀನಿ. ರೆಡಿಸ್ ಬಳಸುವವರು ಮಿತಿ ತಾವೇ ಹಾಕಬೇಕು. 64 ಬಿಟ್ ಸರ್ವರ್‌ನಲ್ಲಿ ಅದಕ್ಕೆ ಹುಟ್ಟಿನಿಂದ ಮಿತಿಯೇ ಇಲ್ಲ. ಮೆಮೊರಿ ಪೂರ್ತಿ ಮುಗಿದರೆ ಲಿನಕ್ಸ್ ಹೆಚ್ಚು ನುಂಗಿದವರನ್ನು ಹುಡುಕಿ ಕೊಲ್ಲುತ್ತೆ. ಬಹಳ ಸಲ ಬಲಿಯಾಗೋದು ಡೇಟಾಬೇಸೇ.

ಬಾಗಿಲು ಹಾಕೋದನ್ನೂ ಮರೀಬೇಡಿ. 2018ರ ಫೆಬ್ರವರಿ 28ರಂದು ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ನಡೆದದ್ದು, ಯಾರ‍್ಯಾರೋ 11211ನೇ ಪೋರ್ಟ್ ತೆರೆದಿಟ್ಟಿದ್ದ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳ ಮೂಲಕ.

ಚಂದಾದಾರರು ಲಾಗಿನ್ ಆದ ಪುಟಗಳನ್ನು ಹೀಗೆ ಕೂಡಿಡಬೇಡಿ, ಒಬ್ಬರ ಹೆಸರು ಇನ್ನೊಬ್ಬರಿಗೆ ಕಂಡೀತು. ಇನ್ನೊಂದು, ಸಂಪಾದಕರಿಗೂ ಗೊತ್ತಿರಬೇಕಾದ್ದು: ತಪ್ಪು ತಲೆಬರಹ ತಿದ್ದಿದ ಮೇಲೂ ಹಳೇ ಪ್ರತಿ ಮೆಮೊರಿಯಲ್ಲಿ ಉಳಿದು ಓದುಗರಿಗೆ ಅದೇ ಹೋಗ್ತಾ ಇರುತ್ತೆ. ತಿದ್ದಿ ಸೇವ್ ಮಾಡಿದ ಕೂಡಲೇ ಆ ಪುಟದ ಪ್ರತಿ ಅಳಿಸುವ ಹಾಗೆ ಮೊದಲೇ ವ್ಯವಸ್ಥೆ ಮಾಡಿಡಿ.