ಕಾಲಿನ್‌ವುಡ್ಡಿನ ಗತಕಾಲ: ಒಂದು ಧಾರಾವಾಹಿ ಮತ್ತು ವಿಧಿಯ ಜಿಜ್ಞಾಸೆ

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ರಂದು ಆರಂಭವಾಗಿ 1971ರ ಏಪ್ರಿಲ್ 2ರಂದು ಮುಗಿದ 'ಡಾರ್ಕ್ ಶ್ಯಾಡೋಸ್', ಸಾಬೂನು ತಯಾರಕರ ಪ್ರಾಯೋಜಕತ್ವದ ಕಾರಣ 'ಸೋಪ್ ಒಪೆರಾ' ಎಂದು ಕರೆಸಿಕೊಂಡ ಹಗಲು ಹೊತ್ತಿನ ದೈನಂದಿನ ಧಾರಾವಾಹಿಗಳ ಸಾಲಿನಲ್ಲಿ ಹುಟ್ಟಿದ್ದರೂ, ಆ ಸಾಲಿನ ಬೇರಾವ ಧಾರಾವಾಹಿಯೂ ಅಷ್ಟು ದೂರ ಹೋಗದಿದ್ದ ಪ್ರೇತ, ಮಾಟ ಮತ್ತು ಕಾಲಯಾನಗಳ ಲೋಕವನ್ನು ತನ್ನದಾಗಿಸಿಕೊಂಡಿತು. ಮೇಯ್ನ್ ರಾಜ್ಯದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಊರು, ಅಲ್ಲಿನ ಕಾಲಿನ್‌ವುಡ್ ಎಂಬ ಬಂಗಲೆ, ಅದರಲ್ಲಿ ವಾಸಿಸುವ ಕಾಲಿನ್ಸ್ ಮನೆತನ, ಆ ಮನೆಯ ಬಾಲಕನಿಗೆ ಪಾಠ ಹೇಳಲು ಬಂದ ವಿಕ್ಟೋರಿಯಾ ವಿಂಟರ್ಸ್ ಎಂಬ ಅನಾಥ ಯುವತಿ, ಇಷ್ಟರಿಂದ ತೊಡಗಿದ ಕಥೆಗೆ ಮೊದಲ ತಿಂಗಳುಗಳಲ್ಲಿ ಹೆಚ್ಚು ನೋಡುಗರಿರಲಿಲ್ಲ. 1967ರ ಏಪ್ರಿಲ್‌ನಲ್ಲಿ ನಿರ್ಮಾಪಕ ಡ್ಯಾನ್ ಕರ್ಟಿಸ್ ಸರಪಳಿ ಬಿಗಿದ ಶವಪೆಟ್ಟಿಗೆಯಿಂದ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಶಾಚಿಯನ್ನು ಹೊರತಂದ ಮೇಲೆ ಸ್ಥಿತಿ ಬದಲಾಯಿತು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ್ದ ಕೆನಡಾದ ನಟ ಜೊನಾಥನ್ ಫ್ರಿಡ್ ಆ ಪಾತ್ರಕ್ಕೆ ಪಶ್ಚಾತ್ತಾಪದ ಛಾಯೆ ಕೊಟ್ಟರು, ಶಾಲೆ ಬಿಟ್ಟ ಮಕ್ಕಳು ಮನೆಗೆ ಓಡಿಬಂದು ಟಿವಿಯ ಮುಂದೆ ಕೂರತೊಡಗಿದರು.

ಬಾರ್ನಬಸ್‌ನ ಹಿನ್ನೆಲೆಯನ್ನು ಹೇಳಬೇಕಾಗಿ ಬಂದಾಗ ಲೇಖಕರು ಒಂದೆರಡು ದಿನದ ನೆನಪಿನ ದೃಶ್ಯಗಳಿಂದ ತೃಪ್ತರಾಗಲಿಲ್ಲ. 1967ರ ನವೆಂಬರ್‌ನಲ್ಲಿ, ಸತ್ತವರ ಆತ್ಮವನ್ನು ಬರಮಾಡಿಕೊಳ್ಳಲು ಮೇಜಿನ ಸುತ್ತ ಕೈಗೂಡಿಸಿ ಕೂರುವ ಪ್ರೇತಾವಾಹನದ ನಡುವೆ ವಿಕ್ಟೋರಿಯಾ ಮಾಯವಾಗಿ 1795ರಲ್ಲಿ ಕಣ್ತೆರೆಯುತ್ತಾಳೆ, ಅವಳ ಸ್ಥಾನದಲ್ಲಿ ಫಿಲಿಸ್ ವಿಕ್ ಎಂಬ ಅಂದಿನ ಶಿಕ್ಷಕಿ ಇತ್ತ ಬಂದು ಬೀಳುತ್ತಾಳೆ, ಮತ್ತು ಮುಂದಿನ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇಡೀ ಧಾರಾವಾಹಿ ಹದಿನೆಂಟನೆಯ ಶತಮಾನದಲ್ಲೇ ನಡೆಯುತ್ತದೆ. ಕರಾರಿನಲ್ಲಿದ್ದ ನಟನಟಿಯರೇ ತಮ್ಮ ಪಾತ್ರಗಳ ಪೂರ್ವಜರ ವೇಷ ಧರಿಸಿದರು. ಹಿರಿಯ ಚಿತ್ರತಾರೆ ಜೋನ್ ಬೆನೆಟ್ ಇಂದಿನ ಎಲಿಜಬೆತ್ ಆಗಿದ್ದವರು ಅಂದಿನ ನವೋಮಿಯಾದರು, ಕ್ಯಾಥರಿನ್ ಲೀ ಸ್ಕಾಟ್ ಮ್ಯಾಗಿಯ ಬದಲು ಬಾರ್ನಬಸ್‌ನ ಪ್ರೇಯಸಿ ಜೋಸೆಟ್ ಆದರು. ಇದು ನಿರ್ಮಾಣದ ಅನುಕೂಲಕ್ಕೆ ಕಂಡುಕೊಂಡ ದಾರಿಯಾಗಿದ್ದರೂ, ಒಂದೇ ಮುಖ ಎರಡು ಶತಮಾನಗಳಲ್ಲಿ ಮರಳಿ ಕಾಣಿಸಿಕೊಂಡದ್ದರಿಂದ ನೋಡುಗರಿಗೆ ಅದು ಪುನರ್ಜನ್ಮದಂತೆಯೂ ಕುಲದ ಶಾಪದಂತೆಯೂ ತೋರಿತು. ವಿಧಿಯ ಚರ್ಚೆಗೆ ನಿಜವಾದ ನೆಲ ದೊರೆತದ್ದು ಇಲ್ಲಿಂದ.

1795ರ ಕಥೆಯಲ್ಲಿ ವಿಧಿ ಕಠಿಣವಾದುದು. ಕಾಲಿನ್ಸ್ ಮನೆತನದ ಇತಿಹಾಸವನ್ನು ಓದಿಕೊಂಡಿದ್ದ ವಿಕ್ಟೋರಿಯಾಳಿಗೆ ಯಾರು ಯಾವಾಗ ಸಾಯುತ್ತಾರೆಂಬುದು ತಿಳಿದಿದೆ. ಆದರೆ ಅವಳು ಎಚ್ಚರಿಸಿದಷ್ಟೂ, ಮುಂದಾಗುವುದನ್ನು ಬಲ್ಲ ಈ ಹೆಣ್ಣು ಮಾಟಗಾತಿಯೇ ಇರಬೇಕೆಂಬ ಗುಮಾನಿ ಬಲಿಯುತ್ತದೆ, ನಿಜವಾದ ಮಾಟಗಾತಿ ಆಂಜೆಲಿಕ್ ಸುರಕ್ಷಿತಳಾಗಿ ಉಳಿಯುತ್ತಾಳೆ, ತಪ್ಪಿಸಬೇಕೆಂದಿದ್ದ ಸಾವುಗಳೆಲ್ಲ ನಡೆದೇ ತೀರುತ್ತವೆ. ಮಾಟಗಾತಿಯೆಂದು ನೇಣಿಗೇರಿಸುವ ಕ್ಷಣದಲ್ಲಿ ವಿಕ್ಟೋರಿಯಾ ತನ್ನ ಕಾಲಕ್ಕೆ ಮರಳುತ್ತಾಳೆ, ತಪ್ಪೇನನ್ನೂ ಮಾಡದ ಫಿಲಿಸ್ ವಿಕ್ ಆ ಕುಣಿಕೆಗೆ ಬಲಿಯಾಗುತ್ತಾಳೆ. ಧಾರಾವಾಹಿ ಬೇಗನೆ ಮರೆತ ಈ ಪಾತ್ರದ ಅಂತ್ಯ ಇಡೀ ಕಥೆಯ ಅತ್ಯಂತ ಕ್ರೂರವಾದ ನೈತಿಕ ಪ್ರಶ್ನೆ ಎನ್ನಬೇಕು. ಒಬ್ಬರ ಪಾರಾಗುವಿಕೆಗೆ ಮತ್ತೊಬ್ಬರು ತೆರುವ ಬೆಲೆಯನ್ನು ವಿಧಿಯೆಂದು ಕರೆದು ಸುಮ್ಮನಾಗಲು ಸಾಧ್ಯವೇ ಎಂಬುದನ್ನು ಅದು ಕೇಳುತ್ತದೆ.

1969ರ ಮಾರ್ಚ್‌ನಲ್ಲಿ ಆರಂಭವಾದ 1897ರ ಕಥೆ ಈ ನಿಯಮವನ್ನೇ ಮುರಿಯಿತು. ಕ್ವೆಂಟಿನ್ ಕಾಲಿನ್ಸ್‌ನ ಪ್ರೇತದ ಹಿಡಿತದಿಂದ ಬಾಲಕ ಡೇವಿಡ್‌ನನ್ನು ಬಿಡಿಸಲು ಬಾರ್ನಬಸ್, ಕಡ್ಡಿಗಳನ್ನು ಎಸೆದು ಆರು ಗೆರೆಗಳ ಆಕೃತಿಗಳಿಂದ ಭವಿಷ್ಯ ನೋಡುವ ಚೀನಾದ ಪ್ರಾಚೀನ ಪದ್ಧತಿಯಾದ 'ಐ ಚಿಂಗ್' ಅನ್ನು ಬಳಸುತ್ತಾನೆ. ಅವನ ದೇಹ ಇಂದಿನಲ್ಲಿ ನಿಶ್ಚಲವಾಗಿ ಕುಳಿತಿರುತ್ತದೆ, ಪ್ರಜ್ಞೆ ಮಾತ್ರ 1897ರಲ್ಲಿ ಶವಪೆಟ್ಟಿಗೆಯೊಳಗಿದ್ದ ಅವನದೇ ದೇಹವನ್ನು ಸೇರುತ್ತದೆ. ಅಂದರೆ ವಿಕ್ಟೋರಿಯಾಳದು ದೇಹಗಳ ಅದಲುಬದಲು, ಬಾರ್ನಬಸ್‌ನದು ಪ್ರಜ್ಞೆಯ ಪ್ರಯಾಣ. ಅಲ್ಲಿ ಅವನ ಪ್ರಯತ್ನ ಫಲಿಸಿ, ಸೆಪ್ಟೆಂಬರ್ 10ರಂದು ಸಾಯಬೇಕಿದ್ದ ಕ್ವೆಂಟಿನ್ ಉಳಿದುಕೊಳ್ಳುತ್ತಾನೆ, ಅದರಿಂದ 1969ರಲ್ಲಿ ಡೇವಿಡ್ ಕೂಡ ಬದುಕುತ್ತಾನೆ. ಆದರೆ ಕ್ವೆಂಟಿನ್ ಸಾಯಲೇ ಇಲ್ಲವೆಂದಾದರೆ ಪ್ರೇತ ಎಲ್ಲಿಂದ ಬಂತು, ಕಾಲಿನ್‌ವುಡ್ಡಿನವರು ಆ ಕಾಟವನ್ನು ಇನ್ನೂ ಹೇಗೆ ನೆನಪಿಟ್ಟುಕೊಂಡಿದ್ದಾರೆ, ಕಾಟವೇ ಇರದಿದ್ದರೆ ಬಾರ್ನಬಸ್ ಹೊರಟದ್ದಾದರೂ ಯಾಕೆ ಎಂಬ ತೊಡಕುಗಳಿಗೆ ಧಾರಾವಾಹಿ ಉತ್ತರ ಕೊಡಲಿಲ್ಲ. ವಾರಕ್ಕೆ ಐದು ಕಂತುಗಳನ್ನು ಪೂರೈಸಬೇಕಿದ್ದ ಸ್ಯಾಮ್ ಹಾಲ್, ಗಾರ್ಡನ್ ರಸೆಲ್ ಮುಂತಾದ ಲೇಖಕರಿಗೆ ಹಿಂದಿನದರೊಂದಿಗೆ ತಾಳೆ ನೋಡುವ ಬಿಡುವು ಕಡಿಮೆಯಿತ್ತು. ಬಿಟ್ಟುಹೋದ ಆ ಕೆಲಸ ಅಭಿಮಾನಿಗಳ ಪಾಲಿಗೆ ಬಂತು.

ಅವರಿಗಿದ್ದ ಸಾಧನಗಳು ಅಲ್ಪ. ವಿಡಿಯೊ ಯಂತ್ರ ಮನೆಗಳಿಗೆ ಬಂದಿರದ ಆ ದಿನಗಳಲ್ಲಿ ಪ್ರಸಾರವಾದ ಕಂತು ಮತ್ತೆ ನೋಡಲು ಸಿಗುತ್ತಿರಲಿಲ್ಲ, ಹಗಲಿನ ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮರುಬಳಸುವುದು ವಾಹಿನಿಗಳ ರೂಢಿಯಾಗಿತ್ತು. 1,225 ಕಂತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಳಿದುಬಂದದ್ದು ಈ ಧಾರಾವಾಹಿಯ ಭಾಗ್ಯ. 1,219ನೆಯ ಸಂಖ್ಯೆಯ ಕಂತಿನ ಚಿತ್ರ ಮಾತ್ರ ಕಳೆದುಹೋಗಿದ್ದು, ಪ್ರಸಾರದ ವೇಳೆ ಮುದ್ರಿಸಿಕೊಂಡ ಧ್ವನಿಯ ಆಧಾರದಿಂದ ಅದನ್ನು ಮುಂದೆ ಪುನರ್ರಚಿಸಲಾಯಿತು. 1975ರಲ್ಲಿ ಸ್ಥಳೀಯ ಕೇಂದ್ರಗಳಿಂದ ಮರುಪ್ರಸಾರ ತೊಡಗಿತು, ಅದೇ ವರ್ಷ 'ದ ವರ್ಲ್ಡ್ ಆಫ್ ಡಾರ್ಕ್ ಶ್ಯಾಡೋಸ್' ಎಂಬ, ಅಭಿಮಾನಿಗಳೇ ಬರೆದು ಅಚ್ಚುಹಾಕಿ ಅಂಚೆಯಲ್ಲಿ ಹಂಚುವ 'ಫ್ಯಾನ್‌ಜೀನ್' ವರ್ಗದ ಪತ್ರಿಕೆ ಹೊರಟಿತು, 1983ರಿಂದ ವಾರ್ಷಿಕ ಸಮ್ಮೇಳನಗಳು ನಡೆದವು. ಕಥಾಸಾರ, ವಂಶಾವಳಿ, ಕಾಲಾನುಕ್ರಮಗಳನ್ನು ಸಿದ್ಧಪಡಿಸಿದ ಈ ಜನ ಒಂದು ಕಲ್ಪಿತ ಮನೆತನಕ್ಕೆ ದಫ್ತರಿನವರಾಗಿ ದುಡಿದರೆಂದರೆ ಉತ್ಪ್ರೇಕ್ಷೆಯಲ್ಲ, ಮತ್ತು ಆ ದುಡಿಮೆ ಗೌರವಕ್ಕೆ ಅರ್ಹವಾದುದು.

1989ರಿಂದ ಕಂತುಗಳು ವಿಡಿಯೊ ಕ್ಯಾಸೆಟ್‌ಗಳಾಗಿ ಮಾರಾಟಕ್ಕೆ ಬಂದಾಗ ಹಿಂದಿನ ತಕರಾರುಗಳನ್ನು ಪರೀಕ್ಷಿಸಲು ಸಾಧ್ಯವಾಯಿತು, ಆದರೂ ತೊಡಕುಗಳು ತೀರಲಿಲ್ಲ, ಏಕೆಂದರೆ ಅವು ನೋಡುಗರ ನೆನಪಿನಲ್ಲಲ್ಲ, ಕಥೆಯಲ್ಲೇ ಇದ್ದವು. ಕ್ವೆಂಟಿನ್‌ನ ಪ್ರಶ್ನೆಗೆ ಸುಲಭವಾಗಿ ಹೊಳೆಯುವ ಪರಿಹಾರವೆಂದರೆ ಬಾರ್ನಬಸ್‌ನ ಹಸ್ತಕ್ಷೇಪದಿಂದ ಕಾಲ ಎರಡಾಗಿ ಕವಲೊಡೆಯಿತೆಂಬುದು, ಮತ್ತು ಅದಕ್ಕೆ 1970ರ ಕಥೆಯ 'ಪರ್ಯಾಯ ಕಾಲ', ಅಂದರೆ ಅದೇ ಜನ ಬೇರೆ ಆಯ್ಕೆಗಳನ್ನು ಮಾಡಿ ಬೇರೆ ಬಾಳನ್ನು ಬಾಳುತ್ತಿರುವ ಇನ್ನೊಂದು ಲೋಕ, ಆಧಾರವಾಗಿ ತೋರುತ್ತದೆ. ಆದರೆ ಆ ಲೋಕ ಯಾರ ಪ್ರಯಾಣದಿಂದಲೂ ಹುಟ್ಟಿದ್ದಲ್ಲ, ಮೊದಲಿನಿಂದಲೂ ಪಕ್ಕದಲ್ಲೇ ಇದ್ದದ್ದು; ಆದ್ದರಿಂದ ಈ ಪರಿಹಾರ ಪೂರ್ಣವಾಗಿ ಒಪ್ಪುವಂಥದ್ದಲ್ಲ. ಅದಕ್ಕಿಂತ ಗಟ್ಟಿಯಾದ ಸುಳಿವು ಅದೇ ವರ್ಷದ ಮುಂದಿನ ಕಥೆಯಲ್ಲಿದೆ. ಬಾರ್ನಬಸ್ ಮತ್ತು ವೈದ್ಯೆ ಜೂಲಿಯಾ ಹಾಫ್‌ಮನ್ 1995ಕ್ಕೆ ಹೋಗಿ ಕಾಲಿನ್‌ವುಡ್ ಪಾಳುಬಿದ್ದಿರುವುದನ್ನು ಕಾಣುತ್ತಾರೆ, ಅನಾಹುತದ ಮುನ್ಸೂಚನೆಗಳನ್ನು ಹೊತ್ತು 1970ಕ್ಕೆ ಮರಳಿಯೂ ಅದನ್ನು ತಡೆಯಲಾರದೆ ಹೋಗುತ್ತಾರೆ, ಅದಕ್ಕೆ ಕಾರಣವಾದ ಪ್ರೇತಬಾಧೆಯ ಬೇರಿದ್ದ 1840ಕ್ಕೆ ಇಳಿದ ಮೇಲಷ್ಟೇ ಗೆಲ್ಲುತ್ತಾರೆ. ವಿಕ್ಟೋರಿಯಾ ಬಲ್ಲದ್ದು ಸಾವಿನ ತಾರೀಖುಗಳನ್ನು, ಕಾರಣವನ್ನಲ್ಲ. ಆಂಜೆಲಿಕ್‌ಳನ್ನು ಗುರುತಿಸಲಾರದವಳಿಗೆ ಇತಿಹಾಸದ ಪುಸ್ತಕ ಒದಗಲಿಲ್ಲ, 1897ರಲ್ಲಿಯೂ 1840ರಲ್ಲಿಯೂ ಪ್ರಯಾಣಿಕರು ಕಾರಣದ ಎದುರಿಗೇ ಹೋಗಿ ನಿಂತದ್ದರಿಂದ ವಿಧಿ ಅಲ್ಲಿ ಬಾಗಿತು.