ಬಿಟ್ಟ ಸ್ಥಳ ತುಂಬಿರಿ: ಅಳದಂಗಡಿಯ ಸೀಮೆಯಲ್ಲಿ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ

ಅಳದಂಗಡಿಯ ಅಜಿಲ ಅರಸರೆಂದರೆ ಎಲ್ಲರಿಗೂ ನೆನಪಾಗುವುದು ವೇಣೂರಿನ ಬಾಹುಬಲಿ. ಫಲ್ಗುಣಿ ನದಿಯ ದಡದಲ್ಲಿ 35 ಅಡಿಯ ಆ ಮೂರ್ತಿಯನ್ನು ತಿಮ್ಮಣ್ಣರಸ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಅದೇ ವರ್ಷ ಕರಾವಳಿಯ ಬಡಗು ಭಾಗದಲ್ಲಿ, ಹಾಡುವಳ್ಳಿ ಜೈನಮಠದ ಪರಂಪರೆಯ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ಕಟ್ಟಡವನ್ನೆಲ್ಲ ವಿವರಿಸಿ, ಈ ಭಾಷೆ ಶಾಸ್ತ್ರಕ್ಕೆ ಒದಗದು ಎನ್ನುವವರಿಗೆ ಉತ್ತರ ಕೊಟ್ಟ ಗ್ರಂಥ ಅದು. ಮೂಡುಬಿದಿರೆಯ ಬಸದಿಗಳಲ್ಲಿ ಧವಲಾದಂಥ ತಾಳೆಗರಿ ಗ್ರಂಥಗಳನ್ನು ಶತಮಾನಗಟ್ಟಲೆ ಕಾಪಾಡಿಕೊಂಡು ಬಂದ ನಾಡಿಗೆ ವ್ಯಾಕರಣ ಹೊಸ ವಿದ್ಯೆಯಾಗಿರಲಿಲ್ಲ. ಕಾವ್ಯವನ್ನು ಅರ್ಥಮಾಡಿಕೊಳ್ಳಲು, ಪಾಠಾಂತರ ತೀರ್ಮಾನಿಸಲು, ವಾದದಲ್ಲಿ ಗೆಲ್ಲಲು ಜನ ಅದನ್ನು ಕಲಿಯುತ್ತಿದ್ದರು. ಅದಕ್ಕೆ ಇಷ್ಟು ಅಂಕ, ಆ ಅಂಕಕ್ಕೆ ಇಂಥ ನೌಕರಿ ಎಂಬ ಲೆಕ್ಕ ಮಾತ್ರ ಇರಲಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಮಟ್ಟಿಗೆ ಹೊಸದಾಗಿ ಬಂದದ್ದು ವ್ಯಾಕರಣದ ಪರೀಕ್ಷೆ. ಅದು ಬಂದದ್ದು ಇಂಗ್ಲಿಷಿನ ಬೆನ್ನಿಗೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. ತೆಂಕಣ ಕೆನರಾ 1956ರ ನವೆಂಬರ್ 1ರವರೆಗೂ ಮದ್ರಾಸಿಗೇ ಸೇರಿತ್ತು. ಸರಕಾರಿ ಕೆಲಸಕ್ಕೆ ಇಂಗ್ಲಿಷ್ ಓದಿದವರಿಗೇ ಮೊದಲ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ 1844ರಲ್ಲಿ ನಿರ್ಣಯ ಹೊರಡಿಸಿದ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿ, ಮೆಟ್ರಿಕ್ಯುಲೇಷನ್ ಎಂಬ ಹೆಬ್ಬಾಗಿಲು ಎದ್ದಿತು. ಅದೇ 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರಾಗಿ ನೇಮಕವಾದವನು ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್. ಮಲಯಾಳದ ವ್ಯಾಕರಣ ಬರೆದವನು, ಮುಂದೆ ನಿಘಂಟನ್ನೂ ಕೊಟ್ಟವನು. ಈ ಸೀಮೆಯ ಶಾಲೆಗಳ ತನಿಖೆಗೆ ಬಂದ ಮೊದಲ ದೊಡ್ಡ ಅಧಿಕಾರಿಯೇ ವೈಯಾಕರಣಿ. ಆತನ ಸಂಗಡಿಗರೂ ಅದೇ ಜಾತಿಯವರು: 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನ್ನಿನಿಂದಲೇ 1872ರಲ್ಲಿ ಬ್ರಿಗೆಲನ ತುಳು ವ್ಯಾಕರಣ, 1903ರಲ್ಲಿ ಕಿಟ್ಟೆಲನ ಕನ್ನಡ ವ್ಯಾಕರಣ ಹೊರಬಂದವು. ನಮ್ಮ ಭಾಷೆಗಳನ್ನು ಅವರು ವ್ಯಾಕರಣದ ಮೂಲಕ ಕಲಿತರು. ಅವರ ಭಾಷೆಯನ್ನು ನಮ್ಮವರು ಕಲಿಯಬೇಕಾದದ್ದೂ ಹಾಗೆಯೇ ಆಯಿತು.

ಇಂಗ್ಲಿಷ್ ವ್ಯಾಕರಣದ ಪ್ರಶ್ನೆ ಈ ನಾಡಿಗೆ ಬಂದದ್ದು ಗುಮಾಸ್ತರನ್ನು ಆರಿಸುವ ಅಗತ್ಯದಿಂದ. ಮಗುವಿಗೆ ಭಾಷೆ ಎಷ್ಟು ಬಂದಿದೆ ಎಂದು ತಿಳಿಯುವ ಕುತೂಹಲ ಅದರ ಹಿಂದೆ ಅಷ್ಟಾಗಿ ಇರಲಿಲ್ಲ. ಇಷ್ಟನ್ನು ಒಪ್ಪಿದ ಮೇಲೂ ನಾನು ಹೇಳುವುದು ಇದು: ಇಂಗ್ಲಿಷ್ ಕಿವಿಗೇ ಬೀಳದ ಊರುಗಳ ಮಕ್ಕಳ ಪಾಲಿಗೆ, ಇಂಗ್ಲಿಷ್ ಪತ್ರಿಕೆಯಲ್ಲಿರುವ ಪ್ರಶ್ನೆಗಳಲ್ಲೆಲ್ಲ ಹೆಚ್ಚು ನ್ಯಾಯದ್ದು ವ್ಯಾಕರಣದ ಪ್ರಶ್ನೆಯೇ. ಅದನ್ನು ಕಿತ್ತು ಹಾಕಬೇಕೆನ್ನುವವರೂ ಹಳೆಯ ರೂಪದಲ್ಲೇ ಉಳಿಸಬೇಕೆನ್ನುವವರೂ ಈ ಚರಿತ್ರೆಯ ಅರ್ಧವನ್ನಷ್ಟೇ ನೋಡಿದ್ದಾರೆ.

ಹಳೆಯ ರೂಪ ಹೇಗಿತ್ತೆಂದು ಹತ್ತಿರದಿಂದ ನೋಡಬೇಕು. ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ಜೆ. ಸಿ. ನೆಸ್‌ಫೀಲ್ಡನ ವ್ಯಾಕರಣ ಮಾಲೆ 1890ರ ದಶಕದಿಂದ ದೇಶದ ಶಾಲೆಗಳನ್ನು ತುಂಬಿತು. 1930ರ ದಶಕದಲ್ಲಿ ಅದರ ಜಾಗಕ್ಕೆ ರೆನ್ ಮತ್ತು ಮಾರ್ಟಿನ್ ಬಂತು. ಆ ಕಾಲದ ಮುಖ್ಯ ಕಸರತ್ತು ಪಾರ್ಸಿಂಗ್. ಒಂದು ವಾಕ್ಯ ಕೊಟ್ಟು, ಅದರಲ್ಲಿನ ‘ಬಾಯ್’ ಎಂಬ ಶಬ್ದವನ್ನು ಪಾರ್ಸ್ ಮಾಡು ಎಂದರೆ, ಹುಡುಗ ಮಗ್ಗಿ ಒಪ್ಪಿಸಿದಂತೆ ಬರೆಯಬೇಕು: ನೌನ್, ಕಾಮನ್, ಮ್ಯಾಸ್ಕ್ಯುಲಿನ್ ಜೆಂಡರ್, ಸಿಂಗ್ಯುಲರ್ ನಂಬರ್, ಥರ್ಡ್ ಪರ್ಸನ್, ನಾಮಿನೇಟಿವ್ ಕೇಸ್, ಇಂಥ ಕ್ರಿಯಾಪದದ ಕರ್ತೃ. ಈ ಏಳರಲ್ಲಿ ಒಂದು ತಪ್ಪಿದರೂ ಅಂಕ ಕಡಿತ. ಉದ್ದ ವಾಕ್ಯ ಕೊಟ್ಟರೆ ಅನಾಲಿಸಿಸ್: ಪ್ರಧಾನ ವಾಕ್ಯ ಯಾವುದು, ಅಧೀನ ವಾಕ್ಯಗಳೆಷ್ಟು, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಕೋಷ್ಟಕ ಗೀಚಬೇಕು. ‘ಬಾಯ್’ ಎಂದರೆ ಯಾರು, ಅವನು ಏನು ಮಾಡಿದ ಎಂಬುದು ಬೇಕಾಗಿರಲಿಲ್ಲ. ಅರ್ಥವೇ ಆಗದ ವಾಕ್ಯವನ್ನೂ ಸರಿಯಾಗಿ ಪಾರ್ಸ್ ಮಾಡುವುದು ಸಾಧ್ಯವಿತ್ತು. ಈ ಪದ್ಧತಿ ಬೇರೂರಲು ಹಣದ ಕಾರಣವೂ ಇತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತದ ಎಷ್ಟೋ ಶಾಲೆಗಳಿಗೆ ಫಲಿತಾಂಶ ನೋಡಿ ಅನುದಾನ ಸಿಗುತ್ತಿತ್ತು. ಇನ್ಸ್‌ಪೆಕ್ಟರ್ ಬಂದ ದಿನ ಎಷ್ಟು ಮಕ್ಕಳು ಪಾಸಾದರೋ ಅಷ್ಟು ರೂಪಾಯಿ. ಒಂದು ದಿನದಲ್ಲಿ ಒಂದಿಡೀ ಶಾಲೆಯನ್ನು ಪರೀಕ್ಷಿಸುವವನಿಗೆ ಹೌದು-ಅಲ್ಲ ಎಂದು ಕಡ್ಡಿ ಮುರಿದಂತೆ ತೀರ್ಮಾನಿಸಬಹುದಾದ ಪ್ರಶ್ನೆಯೇ ಅನುಕೂಲ. ಮೇಷ್ಟ್ರ ಸಂಬಳ ನಿಂತಿದ್ದೂ ಅದರ ಮೇಲೆ.

ಇದರ ಫಲವನ್ನು ಬ್ರಿಟಿಷರೇ ಕಂಡುಕೊಂಡರು. 1902ರ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗ, ಮೆಟ್ರಿಕ್ಯುಲೇಷನ್ ಪಾಸಾಗಿ ಕಾಲೇಜು ಸೇರಿದವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಉಪನ್ಯಾಸ ಅರ್ಥವಾಗುವುದಿಲ್ಲ ಎಂದು ಹೇಳಿತು. ಕರಾವಳಿಯಲ್ಲೂ ಈ ಬಾಯಿಪಾಠದ ವಿದ್ಯೆಗೆ ಬೇಸತ್ತವರಿದ್ದರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನೇ ನೋಡಿ. ಮಂಗಳೂರಿನ ಸರಕಾರಿ ಕಾಲೇಜಿನ ವಿದ್ಯಾರ್ಥಿ, ಆಮೇಲೆ ಅಧ್ಯಾಪಕ, ಶಾಲಾ ಇನ್ಸ್‌ಪೆಕ್ಟರ್. ಅಂದರೆ ಪರೀಕ್ಷೆ ಬರೆದವರೂ ಹೌದು, ಮಾಡಿಸಿದವರೂ ಹೌದು. ಅವರು ಮಕ್ಕಳಿಗೆ ಕೊಟ್ಟದ್ದು ಹಾಡು, ಕತೆ. ಅದಕ್ಕೆಂದೇ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಹಾಗೆಂದು ಅವರು ವ್ಯಾಕರಣವನ್ನು ತಳ್ಳಿಹಾಕಲಿಲ್ಲ. ಕಿಟ್ಟೆಲ್ ಸಂಪಾದಿಸಿದ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು 1920ರ ಆವೃತ್ತಿಗಾಗಿ ಪರಿಷ್ಕರಿಸಿದವರೂ ಪಂಜೆಯವರೇ. ಹಾಡು ಮೊದಲು, ಸೂತ್ರ ಆಮೇಲೆ; ಎರಡೂ ಬೇಕು. ಕನ್ನಡಕ್ಕೆ ಸಿಕ್ಕ ಈ ತೂಕ ಇಂಗ್ಲಿಷ್ ತರಗತಿಗೆ ಸಿಗಲಿಲ್ಲ. ಅಲ್ಲಿ ಸೂತ್ರವೇ ಮೊದಲು, ಸೂತ್ರವೇ ಕೊನೆ.

ಹಾಗಾದರೆ ಇಂಥ ಪ್ರಶ್ನೆಯನ್ನು ಸಮರ್ಥಿಸುವುದು ಹೇಗೆ? ಅದರ ಜಾಗದಲ್ಲಿ ಬೇರೆ ಏನನ್ನು ಕೇಳಬಹುದಿತ್ತು ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ದಾರಿಯಲ್ಲಿರುವ ಅಳದಂಗಡಿಯಂಥ ಊರಿನ ಮಗುವಿಗೆ ಮನೆಯಲ್ಲಿ ತುಳು, ಇಲ್ಲವೆ ಕೊಂಕಣಿ, ಇಲ್ಲವೆ ಬ್ಯಾರಿ; ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅದಕ್ಕೆ ಮೂರನೆಯ ನುಡಿ, ಅದೂ ಪುಸ್ತಕದಲ್ಲಿ ಮಾತ್ರ ಕಾಣುವ ನುಡಿ. ಮಾತನಾಡಿಸಿ ಅಂಕ ಕೊಟ್ಟಿದ್ದರೆ ಮಂಗಳೂರಿನ ವಕೀಲರ ಮಕ್ಕಳು, ಕಾನ್ವೆಂಟಿನ ಮಕ್ಕಳು ಮೊದಲೇ ಗೆದ್ದಿರುತ್ತಿದ್ದರು. ಪ್ರಬಂಧಕ್ಕೇ ಹೆಚ್ಚು ಅಂಕ ಇಟ್ಟಿದ್ದರೂ ಅದೇ ಕತೆ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುವವರದೇ ಮೇಲುಗೈ. ಪ್ರಬಂಧವನ್ನು ತೂಗುವ ತಕ್ಕಡಿಯೂ ನಂಬುವಂಥದ್ದಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳಿಗೆ 142 ಶಿಕ್ಷಕರಿಂದ ಅಂಕ ಹಾಕಿಸಿದಾಗ, ಒಬ್ಬರು ಅರವತ್ತರ ಆಸುಪಾಸಿನಲ್ಲಿ ಅಂಕ ಕೊಟ್ಟರೆ ಇನ್ನೊಬ್ಬರು ತೊಂಬತ್ತು ದಾಟಿಸಿದ್ದರು. ಇಂಗ್ಲೆಂಡಿನಲ್ಲಿ ಹಾರ್ಟಾಗ್ ಮತ್ತು ರೋಡ್ಸ್ 1935ರಲ್ಲಿ ಇದನ್ನೇ ಮತ್ತೆ ತೋರಿಸಿದರು. ಹಳ್ಳಿಯ ಹುಡುಗಿಯ ಪತ್ರಿಕೆ ಮದ್ರಾಸಿನ ಯಾವ ಪರೀಕ್ಷಕರ ಕೈಗೆ ಬೀಳುತ್ತದೆ ಎಂಬ ಅದೃಷ್ಟಕ್ಕೆ ಅವಳ ಭವಿಷ್ಯ ಜೋತುಬೀಳಬಾರದಲ್ಲ? ವ್ಯಾಕರಣದ ನಿಯಮಗಳಿಗೆ ಒಂದು ಮಿತಿ ಇದೆ. ಒಂದು ಪುಸ್ತಕ, ಒಬ್ಬ ಶ್ರದ್ಧೆಯ ಮೇಷ್ಟ್ರು ಸಿಕ್ಕರೆ ಆ ಮಿತಿಯನ್ನು ಚಿಮಣಿಯ ಬೆಳಕಿನಲ್ಲೂ ಮುಟ್ಟಬಹುದು. ಉತ್ತರ ಸರಿ ಇದ್ದರೆ ಯಾವ ಪರೀಕ್ಷಕನೂ ಅಂಕ ಕಸಿಯಲಾರ. ಈ ಭಾಗದಲ್ಲಿ ಪ್ರೌಢಶಾಲೆಗಳು ಮನೆಗೆ ಹತ್ತಿರವಾದದ್ದು ಬಹುಮಟ್ಟಿಗೆ ಸ್ವಾತಂತ್ರ್ಯದ ನಂತರ. ಆಗ ಮೊದಲ ಬಾರಿಗೆ ಎಸ್‌ಎಸ್‌ಎಲ್‌ಸಿ ಬರೆದ ಗೇಣಿದಾರರ, ಕೂಲಿಯವರ ಮಕ್ಕಳಿಗೆ ಆರ್ಟಿಕಲ್, ಪ್ರಿಪೊಸಿಷನ್, ಟೆನ್ಸ್‌ಗಳ ಅಂಕಗಳೇ ಪಾಸಿನ ಗೆರೆ ದಾಟಿಸುವ ಊರುಗೋಲು.

ನೌಕರಿಯ ಲೋಕದಲ್ಲೂ ಹೀಗೆಯೇ ಆಯಿತು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಈ ಕರಾವಳಿಯಲ್ಲೇ. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಉಳಿದೆರಡು 1980ರಲ್ಲಿ ರಾಷ್ಟ್ರೀಕರಣವಾದವು. ಪರಿಚಯದ ಮೇಲೆ ಕೆಲಸ ಸಿಗುತ್ತಿದ್ದ ಕಾಲ ಹಿಂದೆ ಸರಿದು ನೇಮಕಾತಿಯ ಲಿಖಿತ ಪರೀಕ್ಷೆ ಬಂತು. ಅದರ ಇಂಗ್ಲಿಷ್ ವಿಭಾಗದಲ್ಲಿ ವಾಕ್ಯದ ತಪ್ಪು ಹುಡುಕುವ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. ಗುಮಾಸ್ತರನ್ನು ಆರಿಸಲೆಂದು ಹುಟ್ಟಿದ ಪ್ರಶ್ನೆ ನೂರು ವರ್ಷಗಳ ಮೇಲೂ ಗುಮಾಸ್ತರನ್ನೇ ಆರಿಸುತ್ತಿತ್ತು. ಆದರೆ ಈಗ ಆರಿಸಿಕೊಳ್ಳುತ್ತಿದ್ದದ್ದು ಹೆಸರು, ಮನೆತನ ನೋಡದೆ.

ಇಲ್ಲಿ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ನ್ಯಾಯವಾಗಿ ಅಳೆದದ್ದು ಸರಿ, ಆದರೆ ಅಳೆದದ್ದು ಭಾಷೆಯನ್ನೇ? ರಿಪೋರ್ಟೆಡ್ ಸ್ಪೀಚನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ಹಿ ಸೆಡ್, ಐ ವಿಲ್ ಕಮ್ ಟುಮಾರೋ’ ಎಂಬುದು ‘ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಆಗಬೇಕು. ಕನ್ನಡದಲ್ಲೂ ತುಳುವಿನಲ್ಲೂ ಆಡಿದ ಮಾತನ್ನು ಹಾಗೆಯೇ ಇಟ್ಟು ಕೊನೆಗೊಂದು ‘ಎಂದ’ ಸೇರಿಸಿದರೆ ಮುಗಿಯಿತು. ಕಾಲ, ಪುರುಷ, ನಾಳೆ ಯಾವುದೂ ಕದಲುವುದಿಲ್ಲ. ಹಾಗಾಗಿ ನಮ್ಮ ಮಗುವಿಗೆ ಇದು ನಾಲ್ಕು ಹೆಜ್ಜೆಯ ಲೆಕ್ಕ: ಉದ್ಧರಣ ಚಿಹ್ನೆ ತೆಗೆದು ‘ದಟ್’ ಸೇರಿಸು, ‘ಐ’ಯನ್ನು ‘ಹಿ’ ಮಾಡು, ‘ವಿಲ್’ ಅನ್ನು ‘ವುಡ್’ ಮಾಡು, ‘ಟುಮಾರೋ’ಗೆ ಬದಲಿ ಶಬ್ದ ಹಾಕು. ಲೆಕ್ಕ ತಪ್ಪದೆ ಮಾಡಿದ ಮಗು, ಯಾರಾದರೂ ಹೇಳಿದ್ದನ್ನು ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕಾದಾಗ ತಡವರಿಸುತ್ತದೆ. ಯಾರು ಯಾರಿಗೆ ಯಾವಾಗ ಹೇಳಿದರು ಎಂಬ ಸಂದರ್ಭವೇ ಇಲ್ಲದ ಒಂಟಿ ವಾಕ್ಯದ ಮೇಲೆ ಪಳಗಿದ್ದರಿಂದ ಹೀಗಾಗುತ್ತದೆ. ಈ ಆಕ್ಷೇಪ ಪೂರ್ತಿ ನಿಜ. ಅದನ್ನು ತಪ್ಪಿಸಿಕೊಂಡು ವಾದ ಮಾಡಲಾಗದು.

ಇದಕ್ಕೆ ಉತ್ತರ ಹುಡುಕಿದ ದೊಡ್ಡ ಪ್ರಯೋಗದ ನೆಲೆಯೂ ನಮ್ಮ ರಾಜ್ಯವೇ. 1963ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು 1979ರಿಂದ ಐದು ವರ್ಷ ಬೆಂಗಳೂರು, ಮದ್ರಾಸು ಮುಂತಾದೆಡೆಯ ಸಾಧಾರಣ ಶಾಲೆಗಳಲ್ಲಿ ಒಂದು ಹೊಸ ಪಾಠಕ್ರಮ ನಡೆಸಿದರು. ಲೋಕವೆಲ್ಲ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತದೆ. ವ್ಯಾಕರಣವನ್ನು ಹೇಳಿಕೊಡದೆ, ಮಕ್ಕಳಿಗೆ ರೈಲ್ವೆ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು ಇಂಗ್ಲಿಷಿನಲ್ಲೇ ಯೋಚಿಸಿ ಉತ್ತರ ಹುಡುಕುವ ಕೆಲಸ ಹಚ್ಚುವುದು. ಅರ್ಥದ ಮೇಲೆ ಮನಸ್ಸಿಟ್ಟರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬ ನಂಬಿಕೆ. ಕೊನೆಯಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಪ್ರಯೋಗದ ತರಗತಿಗಳನ್ನೂ ಸಾಂಪ್ರದಾಯಿಕ ತರಗತಿಗಳನ್ನೂ ಹಲವು ಬಗೆಯಲ್ಲಿ ಪರೀಕ್ಷಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಡಿ ವಾಕ್ಯಗಳ ರಚನೆ ಕೇಳಿದ ಪತ್ರಿಕೆ ಸಾಂಪ್ರದಾಯಿಕ ಮಕ್ಕಳಿಗೆ ಅನುಕೂಲವಾಗಿತ್ತು. ಅದೇ ವ್ಯಾಕರಣವನ್ನು ಸಂದರ್ಭದ ಒಳಗಿಟ್ಟು ಕೇಳಿದಾಗ, ಉಕ್ತಲೇಖನ ಕೊಟ್ಟಾಗ, ಒಟ್ಟು ಫಲ ಪ್ರಯೋಗದ ಮಕ್ಕಳ ಕಡೆಗೆ ವಾಲಿತು. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವುದು ಯಾರು ಗೆದ್ದರು ಎನ್ನುವುದಕ್ಕಿಂತ, ವ್ಯಾಕರಣ ಬಲ್ಲವರು ಯಾರು ಎಂಬ ತೀರ್ಪು ಕೇಳುವ ರೀತಿ ಬದಲಾದಾಗ ತಾನೂ ಬದಲಾಯಿತು ಎನ್ನುವುದು. ತರಗತಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಶಾಲೆಗಳೂ ಕೆಲವೇ. ಬೋಧಿಸಿದ ಶಿಕ್ಷಕರಲ್ಲಿ ಹಲವರು ಹೊಸ ಕ್ರಮವನ್ನು ಪೂರ್ತಿ ಮೈಗೂಡಿಸಿಕೊಂಡಿರಲಿಲ್ಲ ಎಂದು ಬೆರೆಟ್ಟಾ ಅವರೇ ಮುಂದೆ ತೋರಿಸಿದರು. ಈ ಮಿತಿಗಳನ್ನು ಲೆಕ್ಕಕ್ಕೆ ಹಿಡಿದರೂ, ಅಳತೆಯ ಕೋಲನ್ನು ಅವಲಂಬಿಸಿ ಮಗುವಿನ ಎತ್ತರ ಬೇರೆಬೇರೆಯಾಗಿ ಕಾಣುತ್ತದೆ ಎಂಬುದು ಅಳಿಸಿಹೋಗುವುದಿಲ್ಲ.

ಪರದೇಶದ ದೊಡ್ಡ ಪರೀಕ್ಷೆಗಳು ಈ ದಾರಿಯಲ್ಲಿ ಇನ್ನೂ ಮುಂದೆ ಹೋದವು. 1913ರ ಕೇಂಬ್ರಿಜ್ ಪ್ರೊಫಿಶಿಯನ್ಸಿ ಪರೀಕ್ಷೆಯಲ್ಲಿ ವ್ಯಾಕರಣಕ್ಕೆಂದೇ ಒಂದು ಪತ್ರಿಕೆ ಇತ್ತು. ಅದು ಆಮೇಲೆ ಹೋಯಿತು. 1964ರಲ್ಲಿ ಬಂದ ಟೋಫೆಲ್ 2005ರ ಹೊಸ ರೂಪದಲ್ಲಿ ವ್ಯಾಕರಣದ ಪ್ರತ್ಯೇಕ ವಿಭಾಗವನ್ನು ಬಿಟ್ಟು ಮಾತನ್ನು ಸೇರಿಸಿಕೊಂಡಿತು. ಇದನ್ನು ತೋರಿಸಿ ನಮ್ಮಲ್ಲೂ ವ್ಯಾಕರಣದ ಪ್ರಶ್ನೆಗಳನ್ನು ಕೈಬಿಡೋಣ ಎನ್ನುವವರಿದ್ದಾರೆ. ಆದರೆ ಆ ಪರೀಕ್ಷೆಗಳನ್ನು ಬರೆಯುವವರು ಸಾವಿರಾರು ರೂಪಾಯಿ ಶುಲ್ಕ ಕಟ್ಟಿ, ಆಗಲೇ ಇಂಗ್ಲಿಷ್ ಬಳಸುತ್ತಿರುವವರು. 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸುತ್ತಿದ್ದರೂ, ಕನ್ನಡ ಮಾಧ್ಯಮದ ಸರಕಾರಿ ಶಾಲೆಯ ಮಗುವಿಗೆ ತರಗತಿಯ ಹೊರಗೆ ಆ ಭಾಷೆಯಲ್ಲಿ ಬಾಯಿ ತೆರೆಯುವ ಸಂದರ್ಭ ಇಂದಿಗೂ ಅಪರೂಪ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮತ್ತೆ ಮತ್ತೆ ಮುಂಚೂಣಿಗೆ ಬರುತ್ತದೆ. ಆ ಮುನ್ನಡೆಯನ್ನು ಕೆಳಗಿನಿಂದ ಹೊತ್ತ ಮಕ್ಕಳ ಕೈಯಿಂದ ಅವರು ಕಲಿತು ಗೆಲ್ಲಬಲ್ಲ ಪ್ರಶ್ನೆಯನ್ನೇ ಕಿತ್ತುಕೊಳ್ಳುವುದು ಸುಧಾರಣೆಯಾಗಲಾರದು.

ಮಾಡಬಹುದಾದದ್ದು ಈಗಿನ ಪತ್ರಿಕೆಯಲ್ಲೇ ಮೊಳಕೆಯೊಡೆದಿದೆ. ಎಸ್‌ಎಸ್‌ಎಲ್‌ಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ ತಪ್ಪುಗಳಿರುವ ಒಂದು ಸಣ್ಣ ಪರಿಚ್ಛೇದ ಕೊಟ್ಟು ತಿದ್ದಿಸುವ ಪ್ರಶ್ನೆ ಇದೆ. ಒಂದು ಸಂಭಾಷಣೆ ಕೊಟ್ಟು, ಗೆರೆ ಎಳೆದ ಮಾತು ವಿನಂತಿಯೋ ಸಲಹೆಯೋ ಎಂದು ಕೇಳುವ ಪ್ರಶ್ನೆಯೂ ಇದೆ. ಎರಡಕ್ಕೂ ಸರಿ ಉತ್ತರ ಒಂದೇ, ಆದ್ದರಿಂದ ಪರೀಕ್ಷಕರ ಮರ್ಜಿ ಅಲ್ಲಿ ನಡೆಯುವುದಿಲ್ಲ. ಎರಡಕ್ಕೂ ಓದಿ ಅರ್ಥಮಾಡಿಕೊಳ್ಳದೆ ಉತ್ತರ ಹೊಳೆಯುವುದಿಲ್ಲ. ಒಂಟಿ ವಾಕ್ಯದ ಪ್ರಶ್ನೆಗಳ ಅಂಕಗಳನ್ನು ವರ್ಷವರ್ಷವೂ ಇಷ್ಟಿಷ್ಟಾಗಿ ಇವುಗಳ ಕಡೆಗೆ ಸರಿಸಬೇಕು, ರಿಪೋರ್ಟೆಡ್ ಸ್ಪೀಚನ್ನೂ ಹಾಗೆಯೇ ಒಂದು ಪುಟ್ಟ ಸಂಭಾಷಣೆಯ ಒಳಗಿಟ್ಟು ಕೇಳಬೇಕು. ಅಂಥ ಪರಿಚ್ಛೇದಗಳನ್ನು ಬರೆಯುವುದು ಬಿಟ್ಟ ಸ್ಥಳದ ಪ್ರಶ್ನೆ ತೆಗೆದಷ್ಟು ಸುಲಭವಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕರಿಗೆ ಅದಕ್ಕೆ ತಕ್ಕ ತರಬೇತಿ, ಬಿಡುವು, ಸಂಭಾವನೆ ಕೊಡಬೇಕಾಗುತ್ತದೆ. ಬೆಳ್ತಂಗಡಿ, ಬಂಟ್ವಾಳಗಳ ಪ್ರೌಢಶಾಲೆಗಳಲ್ಲಿ ವರ್ಷಗಳಿಂದ ಇಂಗ್ಲಿಷ್ ಹೇಳಿಕೊಡುತ್ತಿರುವವರನ್ನು ಆ ಕೆಲಸಕ್ಕೆ ಕೂರಿಸುವುದರಿಂದ ಶುರುಮಾಡಬಹುದು. ಯಾವ ತಪ್ಪು ಮಗುವಿನ ಕೈಯಿಂದ ಯಾಕೆ ಆಗುತ್ತದೆಂದು ಅವರಿಗೆ ಗೊತ್ತಿದೆ.